ಅಮ್ಮಿಯೊಂದಿಗೆ ದ್ವೀಪದಲ್ಲೊಂದು ದಿನ

ಇಪ್ಪತ್ತು ವರ್ಷಗಳಿಂದ ನಾನು ಹೆಣ್ಣುಮಕ್ಕಳಿಗೆ ನೀರಿನ ಅಧ್ಯಾಯವನ್ನು ಕಲಿಸುತ್ತಿದ್ದೇನೆ. ಮಳೆಯ ನೀರು, ಬಾವಿಯ ನೀರು, ಹೊಳೆಯ ನೀರು, ಸಮುದ್ರದ ನೀರು, ಇವೆಲ್ಲವುಗಳಿಂದ ವುಝೂ ಆಗುತ್ತದೆ ಎಂದು ಕರಿಹಲಗೆಯ ಮೇಲೆ ಬರೆಯುತ್ತೇನೆ. ಸಮುದ್ರಯಾನ ಮಾಡುವ ಒಬ್ಬರು ಪ್ರವಾದಿವರ್ಯರಲ್ಲಿ(ಸ) ಈ ಕುರಿತು ಕೇಳಿದ ಪ್ರಸಂಗವನ್ನೂ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಮಳೆ, ಬಾವಿ, ಹೊಳೆ ಎಲ್ಲವೂ ನಮ್ಮ ಹಾನಗಲ್ಲಿನಲ್ಲಿ ಕಂಡದ್ದೇ. ಆದರೆ ನಾಲ್ಕನೆಯದನ್ನು 2024ರ ಜನವರಿಯ ತನಕ ಕಲಿಸುವವಳೂ ಕಂಡಿರಲಿಲ್ಲ, ಕಲಿಯುವವರೂ ಕಂಡಿರಲಿಲ್ಲ.

ಕರಾವಳಿಯ ಸಹೋದರಿಯರು ಇದನ್ನು ಓದಿ ನಗಬಹುದು. ನಿಮಗೆ ಕಡಲೆಂದರೆ ಮನೆಯ ಹಿತ್ತಲು. ನಮಗೆ ಹಾಗಲ್ಲ. ನನ್ನ ತವರು ಸವಣೂರು, ಗಂಡನ ಮನೆ ಹಾನಗಲ್, ತಂಗಿಯನ್ನು ಶಿಗ್ಗಾವಿಗೆ ಕೊಟ್ಟಿದ್ದೇವೆ, ನಾದಿನಿ ಇರುವುದು ಹಿರೇಕೆರೂರಿನಲ್ಲಿ. ನಮ್ಮ ಹೆಂಗಸರ ಪ್ರಯಾಣವೆಲ್ಲ ಈ ನಾಲ್ಕು ಊರುಗಳ ನಡುವೆಯೇ ಮುಗಿಯುತ್ತದೆ: ಮದುವೆ, ಬಾಣಂತನ, ಮಯ್ಯತ್, ಹೆಚ್ಚೆಂದರೆ ಹುಬ್ಬಳ್ಳಿಯ ಆಸ್ಪತ್ರೆ. ಶಾಲೆಯ ಪ್ರವಾಸವೆಂದರೂ ಬಂಕಾಪುರದ ನವಿಲುಧಾಮ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಸಂಜೆ ಮಗ್ರಿಬ್‌ಗೆ ಮೊದಲು ಮನೆ.

ಈ ಪ್ರಯಾಣ ಹುಟ್ಟಿದ್ದು ನನ್ನ ಅಮ್ಮಿಯ ಒಂದು ಮಾತಿನಿಂದ. ನನ್ನ ಅಬ್ಬಾ ಲಾರಿ ಚಾಲಕರಾಗಿದ್ದರು. ಮಲ್ಪೆಯಿಂದ ಹುಬ್ಬಳ್ಳಿಗೆ ಮಂಜುಗಡ್ಡೆಯಲ್ಲಿಟ್ಟ ಮೀನು ತರುತ್ತಿದ್ದರು. ವಾರಕ್ಕೆರಡು ಸಲ ಘಟ್ಟ ಇಳಿದು ಹತ್ತುವ ಕೆಲಸ. 2018ರಲ್ಲಿ ತೀರಿಕೊಂಡರು. ಒಂದು ದಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಅಮ್ಮಿ ತನ್ನಷ್ಟಕ್ಕೆ ಹೇಳಿದಳು: "ನಿಮ್ಮ ಅಬ್ಬಾನ ಅಂಗಿ ತೊಳದು ತೊಳದು ಸಮುದ್ರದ ವಾಸನಿ ನನಗ ಗೊತ್ತೈತಿ. ಸಮುದ್ರ ಅಷ್ಟ ಗೊತ್ತಿಲ್ಲ. ಈ ಸಲ ಕರ್ಕೊಂಡು ಹೋಗ್ತೀನಿ, ಮುಂದಿನ ಸಲ ಕರ್ಕೊಂಡು ಹೋಗ್ತೀನಿ ಅಂತಿದ್ರು. ಲಾರ್‍ಯಾಗ ಹೆಣ್ಣಮಕ್ಕಳನ್ನ ಹ್ಯಾಂಗ ಕುಂದ್ರಸೂದು ಅಂತ ಬಿಟ್ಟ ಬಿಟ್ರು."

ಅಷ್ಟೇ ಹೇಳಿ ಈರುಳ್ಳಿಯನ್ನು ಎಣ್ಣೆಗೆ ಹಾಕಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹೊರಡುವುದು ಸುಲಭವಿರಲಿಲ್ಲ. ಅರವತ್ತೆಂಟರ ಮುದುಕಿಗೆ ಮೊಣಕಾಲು ನೋವು, ಸಮುದ್ರಕ್ಕೆ ಹೋಗಿ ಏನು ಮಾಡುವುದು ಎಂದು ಅಣ್ಣ ಕೇಳಿದ. ನೀರು ನೋಡುವುದಾದರೆ ಸವಣೂರಿನ ಮೋತಿ ತಲಾಬ್ ಇದೆಯಲ್ಲ ಎಂದ. ಹಿರೇಕೆರೂರಿನ ನಾದಿನಿ ಮದಗದ ಕೆರೆಯನ್ನು ಎತ್ತಿಕೊಂಡಳು. ಮಳೆಗಾಲದಲ್ಲಿ ಬಂದರೆ ಸಮುದ್ರಕ್ಕಿಂತ ಏನು ಕಡಿಮೆ ಎಂದಳು. (ನಂತರ ಗಾಡಿಯಲ್ಲಿ ಮೊದಲು ಸೀಟು ಹಿಡಿದವಳೂ ಅವಳೇ.) ಬಂಧುವೊಬ್ಬರು ಮಾತ್ರ ಮೋಜಿಗಾಗಿ ಹೆಂಗಸರನ್ನು ದ್ವೀಪಕ್ಕೆ ಕರೆದೊಯ್ಯುವುದು ದೀನಿನಲ್ಲಿ ಎಲ್ಲಿದೆ ಎಂದು ಕೇಳಿದರು.

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಒಂದಲ್ಲ, ಹಲವು ಕಡೆ ಹೇಳುತ್ತದೆ. ಅದು ಗಂಡಸರಿಗೆ ಮಾತ್ರ ಎಂದು ಎಲ್ಲಿಯೂ ಹೇಳಿಲ್ಲ. ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾರೊಂದಿಗೆ(ರ) ಓಟದ ಪಂದ್ಯ ಕಟ್ಟಿದ್ದನ್ನು ನಾವೆಲ್ಲ ಬಯಾನ್‌ಗಳಲ್ಲಿ ಕೇಳಿಯೇ ಇದ್ದೇವೆ. ಇನ್ನು ದ್ವೀಪದ ವಿಷಯ. ಹಝ್ರತ್ ಅನಸ್‌ರ(ರ) ಚಿಕ್ಕಮ್ಮ ಉಮ್ಮು ಹರಾಮ್(ರ) ಎಂಬ ಸಹಾಬಿ ಮಹಿಳೆಯನ್ನು ನೆನಪಿಸಿಕೊಳ್ಳಿ. ತನ್ನ ಸಮುದಾಯದವರು ಸಮುದ್ರದ ಮೇಲೆ ಸಾಗುವ ಕನಸನ್ನು ಪ್ರವಾದಿವರ್ಯರು(ಸ) ಅವರ ಮನೆಯಲ್ಲಿ ಕಂಡು, ನಗುತ್ತಾ ಎದ್ದು ಹೇಳಿದಾಗ, ಆ ತಂಡದಲ್ಲಿ ನಾನೂ ಇರಲೆಂದು ಪ್ರಾರ್ಥಿಸಿರಿ ಎಂದು ಆಕೆ ಕೇಳಿಕೊಂಡರು. ಹಝ್ರತ್ ಉಸ್ಮಾನ್‌ರ(ರ) ಖಿಲಾಫತ್‌ನಲ್ಲಿ, ಹಿಜರಿ 28ರ ಸುಮಾರಿಗೆ, ಪತಿ ಉಬಾದ ಬಿನ್ ಸಾಮಿತ್‌ರೊಂದಿಗೆ(ರ) ಆಕೆ ಹಡಗೇರಿ ಸೈಪ್ರಸ್ ದ್ವೀಪಕ್ಕೆ ಹೋದರು. ಅಲ್ಲಿ ಸವಾರಿಯ ಪ್ರಾಣಿಯಿಂದ ಬಿದ್ದು ತೀರಿಕೊಂಡರು. ಲಾರ್ನಕ ಪಟ್ಟಣದ ಬಳಿ ಉಪ್ಪುನೀರಿನ ಸರೋವರದ ದಂಡೆಯಲ್ಲಿ ಅವರದೆಂದು ಹೇಳಲಾಗುವ ಸಮಾಧಿ ಇಂದಿಗೂ ಇದೆ. ಅವರು ಹೋದದ್ದು ಯುದ್ಧದ ಪ್ರಯಾಣ, ನಮ್ಮದು ಪಿಕ್‌ನಿಕ್ ಎಂಬುದು ನನಗೆ ಗೊತ್ತು. ಆದರೆ ಒಬ್ಬ ಹೆಣ್ಣು ಸಮುದ್ರಯಾನವನ್ನು ಬಯಸಿ ಬಾಯಿಬಿಟ್ಟು ಕೇಳಿದ್ದಂತೂ ನಿಜ. ಬಂಧುಗಳು ಮತ್ತೆ ಮಾತಾಡಲಿಲ್ಲ. ನಮ್ಮ ಮನೆಯವರು ಹದಿಮೂರು ಸೀಟಿನ ಗಾಡಿಗೆ ಮುಂಗಡ ಕೊಟ್ಟು ಬಂದರು.

ದ್ವೀಪವೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಲಕ್ಷದ್ವೀಪ. ಆದರೆ ಅದಕ್ಕೆ ಪರವಾನಗಿ ಬೇಕು, ಕೊಚ್ಚಿಯಿಂದ ಹಡಗು ಹಿಡಿಯಬೇಕು, ದಿನಗಳೂ ಹಣವೂ ಬೇಕು. ನಾವು ಆರಿಸಿಕೊಂಡದ್ದು ಉಡುಪಿಯ ಮಲ್ಪೆಯ ಎದುರಿಗಿರುವ ಸೈಂಟ್ ಮೇರಿಸ್ ದ್ವೀಪ. ಅಬ್ಬಾ ಮೀನು ತುಂಬಿಸುತ್ತಿದ್ದ ಬಂದರಿನಿಂದಲೇ ಅಲ್ಲಿಗೆ ದೋಣಿ ಹೊರಡುತ್ತದೆ. ಇದನ್ನು ಅಮ್ಮಿಗೆ ಹೇಳಿದಾಗ ಆಕೆ ಏನೂ ಅನ್ನಲಿಲ್ಲ, ದುಪಟ್ಟಾದ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

ಫಜ್ರ್ ನಮಾಝ್ ಮುಗಿಸಿ ಹಾನಗಲ್ ಬಿಟ್ಟೆವು. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವುದು ದಾರಿ. ರಸ್ತೆ ಕೆಲಸದ ಧೂಳು, ತಿರುವುಗಳು, ಮಕ್ಕಳ ವಾಂತಿ, ಇದನ್ನೆಲ್ಲ ವಿವರಿಸುವುದಿಲ್ಲ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ಬಂದಾಗ ಅಮ್ಮಿ ಕಿಟಕಿಗೆ ಮುಖವೊತ್ತಿ "ಇದ ಏನ ಸಮುದ್ರ?" ಎಂದು ಕೇಳಿದಳು. "ಅಲ್ಲ ಅಮ್ಮಿ, ಇದು ಹೊಳಿ" ಎಂದೆ. "ಹೊಳಿನ ಇಷ್ಟ ಅಗಲ ಇದ್ರ ನನಗ ಸಾಕ್ರಿವಾ, ಇಲ್ಲೇ ಇಳಸ್ರಿ" ಎಂದಳು. ಭಟ್ಕಳದಲ್ಲಿ ಊಟ, ಝುಹ್ರ್. ಬೈಂದೂರು ದಾಟಿದ ಮೇಲೆ ಮರವಂತೆ ಬಂತು. ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ನಡುವೆ ರಸ್ತೆಯಷ್ಟೇ. ಚಾಲಕ ಕೇಳದೆಯೇ ಗಾಡಿ ನಿಲ್ಲಿಸಿದ. ಅಮ್ಮಿ ಇಳಿಯಲಿಲ್ಲ. ಬಾಗಿಲ ಬಳಿ ಕುಳಿತೇ ನೋಡಿದಳು. ತುಂಬಾ ಹೊತ್ತಿನ ಮೇಲೆ "ವಾಸನಿ ಅದ ಐತಿ" ಎಂದಳು.

ರಾತ್ರಿ ತಂಗಿದ್ದು ಹೂಡೆಯಲ್ಲಿ. ಮದ್ರಸದಲ್ಲಿ ನನ್ನೊಂದಿಗೆ ಓದಿದ ಗೆಳತಿ ಅಲ್ಲಿಗೆ ಮದುವೆಯಾಗಿ ಹೋಗಿದ್ದಾಳೆ. ಮಲ್ಪೆಗೆ ಹತ್ತಿರದ ಊರು. ಅವಳ ಮನೆಯಿಂದ ಹತ್ತು ನಿಮಿಷ ನಡೆದರೆ ಕಡಲತಡಿ. ಊಟ ಮಾಡುತ್ತಾ ನಾಳೆ ದ್ವೀಪದಲ್ಲಿ ಏನೇನು ನೋಡಬೇಕೆಂದು ಕೇಳಿದೆ. ಅವಳು ಸುಮ್ಮನಾದಳು. ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಅಲ್ಲಿಗೆ ಹೋಗಿಲ್ಲವಂತೆ. ಮಕ್ಕಳು ಹೋಗಿದ್ದಾರೆ, ಗಂಡ ಗಲ್ಫಿನಿಂದ ಬಂದ ಗೆಳೆಯರೊಂದಿಗೆ ಹೋಗಿದ್ದಾರೆ. "ಅತಿಥಿಗಳು ಬಂದಾಗ ಅವರು ಹೋಗುತ್ತಾರೆ, ನಾನು ಮನೆಯಲ್ಲಿ ಅಡುಗೆ ಮಾಡುತ್ತೇನೆ" ಎಂದು ನಕ್ಕಳು. ಇನ್ನೂರೈವತ್ತು ಕಿಲೋಮೀಟರ್ ಆಚೆಯಿಂದ ಬಂದ ನಮಗೂ ದಂಡೆಯ ಮೇಲಿರುವ ಅವಳಿಗೂ ಏನು ವ್ಯತ್ಯಾಸ? ಮರುದಿನ ಅವಳನ್ನೂ ಗಾಡಿಗೆ ಹತ್ತಿಸಿಕೊಂಡೆವು. ಮಧ್ಯಾಹ್ನದ ಅಡುಗೆಯನ್ನು ಅವಳ ಗಂಡ ಹೋಟೆಲಿನಿಂದ ತಂದರಂತೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಮಲ್ಪೆ ಬಂದರಿನಲ್ಲಿ ನೂರಾರು ಮೀನುಗಾರಿಕಾ ದೋಣಿಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಮಂಜುಗಡ್ಡೆ ತುಂಬಿದ ಲಾರಿಗಳೂ ಇದ್ದವು. ಅಮ್ಮಿ ಒಂದು ಲಾರಿಯ ಬಳಿ ಸ್ವಲ್ಪ ಹೊತ್ತು ನಿಂತಳು. ನಾವು ಕರೆಯಲಿಲ್ಲ.

ದ್ವೀಪ ದಡದಿಂದ ಸುಮಾರು ಆರು ಕಿಲೋಮೀಟರ್. ಅರ್ಧ ಗಂಟೆಯ ದಾರಿ. ದೋಣಿ ಹತ್ತುವ ಮುನ್ನ ಚೀಲ ತಪಾಸಣೆಯಾಯಿತು. ತಿಂಡಿ ಒಯ್ಯುವಂತಿಲ್ಲ, ನೀರು ಮಾತ್ರ ಎಂದರು. ಶಿಗ್ಗಾವಿಯ ತಂಗಿ ಕಟ್ಟಿಕೊಂಡು ಬಂದಿದ್ದ ಸಮೋಸಾ, ಎರಡು ಕಿಲೋ ಸವಣೂರು ಖಾರಾ, ಎಲ್ಲವೂ ಗಾಡಿಗೆ ಹಿಂದಿರುಗಿದವು. ತಂಗಿಗೆ ಅಳುವೇ ಬಂತು. ಈ ನಿಯಮದ ಲಾಭವೇನೆಂಬುದು ನಮಗೆ ಆಮೇಲೆ ತಿಳಿಯಿತು.

ನಾವು ಹತ್ತಿದ ದೊಡ್ಡ ದೋಣಿ ದಂಡೆಯ ತನಕ ಹೋಗಲಿಲ್ಲ. ದ್ವೀಪದ ಹತ್ತಿರ ಆಳ ಕಡಿಮೆ, ಬಂಡೆಗಳು ಬೇರೆ. ನೀರಿನ ನಡುವೆಯೇ ಸಣ್ಣ ದೋಣಿಗೆ ಇಳಿಯಬೇಕಾಯಿತು. ಎರಡೂ ದೋಣಿಗಳು ಮೇಲೆ ಕೆಳಗೆ ಆಡುತ್ತಿದ್ದವು. ನನ್ನ ಎದೆ ನಡುಗಿತು. ಅಮ್ಮಿಯ ಮೊಣಕಾಲು, ಬುರ್ಖಾದ ಅಂಚು, ಆ ಒಂದು ಹೆಜ್ಜೆ! ಕೆಳಗಿನಿಂದ ದೋಣಿಯ ಹುಡುಗ "ಅಮ್ಮಾ, ಕೈ ಕೊಡಿ" ಎಂದ. ಪರಪುರುಷನ ಕೈ. ಇಂತಹ ಅಗತ್ಯದಲ್ಲಿ ಉಲಮಾಗಳು ಏನು ಹೇಳಿದ್ದಾರೆಂದು ನಾನು ಮನಸ್ಸಿನಲ್ಲೇ ಪುಟ ತಿರುಗಿಸತೊಡಗಿದೆ. ನಮ್ಮ ಮನೆಯವರು ಮುಂದೆ ಬರಲು ಜಾಗವಿರಲಿಲ್ಲ. ಅಷ್ಟರಲ್ಲಿ ಅಮ್ಮಿ ಹುಡುಗನ ಕೈಯನ್ನು ಗಟ್ಟಿಯಾಗಿ ಹಿಡಿದು ಇಳಿದು ಕುಳಿತೇ ಬಿಟ್ಟಳು. "ಅಲ್ಲಾ ಸಲಾಮತ್ ಇಡ್ಲಿ ಮಗಾ" ಎಂದು ಅವನ ಬೆನ್ನು ತಟ್ಟಿದಳು. ನಾನು ಇನ್ನೂ ಮೇಲೆಯೇ ನಿಂತಿದ್ದೆ.

ದ್ವೀಪ ಪುಟ್ಟದು. ನಾಲ್ಕು ದ್ವೀಪಗಳ ಗುಂಪಿನಲ್ಲಿ ಜನರು ಹೋಗುವುದು ತೆಂಗಿನ ದ್ವೀಪಕ್ಕೆ. ಅದರ ಉದ್ದ ಅರ್ಧ ಕಿಲೋಮೀಟರಿನಷ್ಟು, ಅಗಲ ನೂರು ಮೀಟರ್. ಮನೆಗಳಿಲ್ಲ, ರಾತ್ರಿ ಉಳಿಯುವಂತಿಲ್ಲ. ತೆಂಗಿನ ಮರಗಳು, ಕೆಲವು ನೆರಳಿನ ಚಪ್ಪರಗಳು, ಮರಳಿನ ಬದಲು ಚಿಪ್ಪುಗಳೇ ತುಂಬಿದ ಒಂದು ದಂಡೆ, ಮತ್ತು ಕಲ್ಲುಗಳು.

ಆ ಕಲ್ಲುಗಳ ಬಗ್ಗೆ ಹೇಳಲೇಬೇಕು. ಯಾರೋ ಬಡಗಿ ಅಳೆದು ಕೊರೆದಂತೆ ಆರು ಮುಖದ ಕಂಬಗಳು, ಕೆಲವಕ್ಕೆ ಐದು, ಕೆಲವಕ್ಕೆ ಏಳು. ಒತ್ತೊತ್ತಾಗಿ ನಿಂತಿವೆ, ಕೆಲವು ವಾಲಿವೆ. ಭೂಮಿಯೊಳಗಿಂದ ಉಕ್ಕಿದ ಲಾವಾ ತಣ್ಣಗಾಗುವಾಗ ಕುಗ್ಗಿ, ಬಿರಿದು, ಬಿರುಕು ಕೆಳಗಿಳಿಯುತ್ತಾ ಹೋಗಿ ಈ ಆಕಾರ ಬಂದಿದೆ. ನಮ್ಮ ಸವಣೂರಿನ ಎರೆಹೊಲ ಮೇ ತಿಂಗಳಲ್ಲಿ ಹೇಗೆ ಬಿರಿಯುತ್ತದೆ? ಅದೇ ರೀತಿ. ಹೊಲದ ಬಿರುಕು ಒಂದು ಮಳೆಗೆ ಮುಚ್ಚುತ್ತದೆ. ಇವು ಸುಮಾರು 8.8 ಕೋಟಿ ವರ್ಷಗಳಿಂದ ಹಾಗೆಯೇ ಇವೆ. ಆಗ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು, ಅದು ಕಳಚಿ ದೂರವಾಗುವ ಕಾಲದ ಬೆಂಕಿಯಿಂದ ಈ ಕಲ್ಲುಗಳು ಉಂಟಾದವು ಎನ್ನುತ್ತಾರೆ ವಿಜ್ಞಾನಿಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮಡಗಾಸ್ಕರ್ ಎಂದಾಗ ನನಗೆ ನೆನಪಾದದ್ದು ಸವಣೂರಿನ ದೊಡ್ಡಹುಣಸೆ ಮರಗಳು. ಆನೆಯ ಮೈಯಂತಹ ಆ ಬಾವೋಬಾಬ್ ಮರಗಳು ಆಫ್ರಿಕಾ ಮೂಲದವು. ಆ ಜಾತಿಯ ಅತಿ ಹೆಚ್ಚು ಬಗೆಗಳು ಇರುವುದು ಮಡಗಾಸ್ಕರ್‌ನಲ್ಲಿ. ಸವಣೂರಿನ ಮೂರರಲ್ಲಿ ಒಂದು 2023ರ ಜುಲೈ ಮಳೆಗೆ ಉರುಳಿ, ಅದನ್ನು ಮತ್ತೆ ಎತ್ತಿ ನೆಟ್ಟರು. ಅಮ್ಮಿಗೆ ಇದನ್ನೆಲ್ಲ ಹೇಳಿದೆ. "ಅಲ್ಲಾನ ಕಾರ್ಖಾನಿ" ಎಂದು ಒಂದು ಕಂಬದ ಮೇಲೆ ಕುಳಿತಳು.

ದ್ವೀಪದ ಹೆಸರಿನ ಬಗ್ಗೆ ಒಂದು ಮಾತು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಸಾಂತಾ ಮರಿಯಾ ಎಂದು ಹೆಸರಿಟ್ಟನೆಂಬ ಪ್ರತೀತಿಯಿದೆ. ಬೀಬಿ ಮರ್ಯಮರ(ಅ) ಹೆಸರು ನಮಗೂ ಪ್ರೀತಿಯದೇ. ಆದರೆ ಅದೇ ವಾಸ್ಕೋ 1502ರಲ್ಲಿ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಮೀರಿ ಎಂಬ ಹಡಗನ್ನು ಹೆಂಗಸರು, ಮಕ್ಕಳ ಸಮೇತ ಸುಟ್ಟು ಮುಳುಗಿಸಿದ. ಶಾಲೆಯ ಪುಸ್ತಕದಲ್ಲಿ ಮೊದಲನೆಯದನ್ನಷ್ಟೇ ಓದಿದ್ದೆವು. ಇಲ್ಲಿನವರು ದ್ವೀಪವನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ನನಗೆ ಆ ಹೆಸರೇ ಇಷ್ಟವಾಯಿತು.

ಝುಹ್ರ್ ಸಮಯವಾಯಿತು. ನನ್ನ ಬಳಿ ಬಾಟಲಿ ನೀರಿತ್ತು. ಆದರೂ ದಂಡೆಗೆ ಹೋಗಿ, ಬಂಡೆಗಳ ನಡುವೆ ಅಲೆ ತಂದು ನಿಲ್ಲಿಸಿದ ನೀರಿನ ಬಳಿ ಕುಳಿತೆ. ಕೈ ತೊಳೆದೆ. ಬಾಯಿ ಮುಕ್ಕಳಿಸಿದಾಗ ಆ ಉಪ್ಪು! ನಾಲಿಗೆ ಹಿಂದಕ್ಕೆ ಸರಿಯಿತು. ಮೂಗಿಗೆ ನೀರೇರಿಸಿದಾಗ ನೆತ್ತಿಯ ತನಕ ಉರಿದು ಕಣ್ಣೀರು ಬಂತು. ಮುಖ ತೊಳೆದರೆ ಕಣ್ಣು ಚುರುಚುರು. ಮೂರು ಸಲ, ಮೂರು ಸಲ. ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಕಲಿಸಿ ಮುಂದೆ ಹೋಗುತ್ತಿದ್ದ ಪಾಠವಿದು. ಅಮ್ಮಿ ಪಕ್ಕದಲ್ಲಿ ಕುಳಿತು ವುಝೂ ಮಾಡುತ್ತಾ ನನ್ನ ಮುಖ ನೋಡಿ ನಕ್ಕಳು. "ಉಸ್ತಾನಿ, ವುಝೂ ಆತಿಲ್ಲ?" ಎಂದಳು. ಆತು ಎಂದೆ.

ತೆಂಗಿನ ಮರಗಳಾಚೆ ಪಡುವಣದ ಅಂಚಿನಲ್ಲಿ ಚಾಪೆ ಹಾಸಿದೆವು. ಅಲ್ಲಿದ್ದ ದಾವಣಗೆರೆ ಕಡೆಯ ಕುಟುಂಬದ ಹೆಂಗಸು ತನ್ನ ಮಕ್ಕಳನ್ನು ಕರೆದು "ಆ ಕಡಿ ಆಡ್ಕೋರಿ, ಅವರು ನಮಾಜ್ ಮಾಡ್ತಾರ" ಎಂದು ಸರಿಸಿದರು. ಕಿಬ್ಲಾ ಪಶ್ಚಿಮಕ್ಕೆ, ತುಸು ವಾಯವ್ಯಕ್ಕೆ ವಾಲಿ. ಹಾನಗಲ್ಲಿನ ನಮ್ಮ ಮನೆಯಲ್ಲಿ ಕಿಬ್ಲಾ ಎಂದರೆ ಗೋದ್ರೆಜ್ ಕಪಾಟು, ಅದರಾಚೆ ಪಕ್ಕದ ಮನೆಯ ಗೋಡೆ. ಇಲ್ಲಿ ಎದುರಿಗೆ ನೀರು. ಆ ನೀರು ಮುಗಿಯುವಲ್ಲಿ ಅರೇಬಿಯಾದ ನೆಲ. ನಡುವೆ ಒಂದು ಗೋಡೆಯೂ ಇಲ್ಲ. ಪ್ರಯಾಣಿಕರಾದ್ದರಿಂದ ಫರ್ಝ್ ಎರಡೇ ರಕ್‌ಅತ್. ಗೆಳತಿ ಊರವಳು, ಅವಳದು ನಾಲ್ಕು. ಅಮ್ಮಿ ಸಲಾಮ್ ಹೇಳಿದ ಮೇಲೆ ದುಆಕ್ಕೆ ಎತ್ತಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ.

ಅಲ್ಲಿ ಏನೇನು ಮಾಡಬಹುದೆಂದು ಬಂದಮೇಲೆ ಹಲವರು ಕೇಳಿದರು. ಹೇಳುವಂತಹದ್ದು ಹೆಚ್ಚಿಲ್ಲ. ಇಪ್ಪತ್ತು ನಿಮಿಷದಲ್ಲಿ ದ್ವೀಪವನ್ನು ಸುತ್ತಬಹುದು. ಚಿಪ್ಪು ನೋಡಬಹುದು. ಕಲ್ಲಿನ ಚೂರನ್ನು ಮನೆಗೆ ತರಬೇಡಿ, ಅದು ಸ್ಮಾರಕ. ಉಳಿದಂತೆ ಸುಮ್ಮನೆ ಕೂರಬಹುದು. ತಿಂಡಿ ಬಿಡದ ನಿಯಮದ ಲಾಭ ಇಲ್ಲಿ ತಿಳಿಯಿತು. ನಮ್ಮ ಹೆಂಗಸರು ಪಿಕ್‌ನಿಕ್ ಹೋದರೆ ಅಡುಗೆಮನೆಯೂ ಬೆನ್ನು ಹತ್ತಿ ಬರುತ್ತದೆ. ಡಬ್ಬಿ ಬಿಚ್ಚು, ತಟ್ಟೆ ಹಂಚು, ಮಕ್ಕಳ ಬಾಯಿ ಒರೆಸು, ಥರ್ಮಾಸಿನಿಂದ ಚಹಾ ಸುರಿ, ಕೊನೆಗೆ ಎಲ್ಲವನ್ನೂ ತೊಳೆದು ಕಟ್ಟು. ಗಂಡಸರು ಮರದ ಕೆಳಗೆ ಮಲಗಿರುತ್ತಾರೆ. ಆ ದಿನ ಬಿಚ್ಚಲು ಡಬ್ಬಿಯೇ ಇರಲಿಲ್ಲ. ಮೂರು ಗಂಟೆ ಕಾಲ ಯಾರೂ ನನ್ನನ್ನು ಏನನ್ನೂ ಕೇಳಲಿಲ್ಲ. ನಾದಿನಿ ತೆಂಗಿನ ಬುಡಕ್ಕೊರಗಿ ನಿದ್ದೆ ಮಾಡಿದಳು. ಮದುವೆಯಾದಂದಿನಿಂದ ಹಗಲಲ್ಲಿ ಅವಳು ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ತಂಗಿಯೂ ಗೆಳತಿಯೂ ಮೊಣಕಾಲಿನ ತನಕ ನೀರಿನಲ್ಲಿ ನಿಂತು ಸಣ್ಣ ಹುಡುಗಿಯರಂತೆ ಕಿರುಚಿದರು.

ಆದರೆ ಎಚ್ಚರ ಬೇಕು. ಪಾಚಿಗಟ್ಟಿದ ಬಂಡೆಗಳು ಬಹಳ ಜಾರುತ್ತವೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಇಲ್ಲಿಯೇ ಬಂಡೆಯ ಬಳಿ ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಜೀವರಕ್ಷಕರು ಸೀಟಿ ಊದಿದರೆ ಸಿಟ್ಟಾಗಬೇಡಿ, ಹಿಂದೆ ಸರಿಯಿರಿ. ಬುರ್ಖಾ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಸ್ವಲ್ಪ ಮೇಲಿರುವಂತಹದ್ದನ್ನು ಧರಿಸಿ. ಹಿಂಬದಿ ಪಟ್ಟಿಯಿರುವ ಚಪ್ಪಲಿ ಇರಲಿ. ಒಂದು ಜೊತೆ ಬಟ್ಟೆಯನ್ನು ಗಾಡಿಯಲ್ಲಿಡಿ. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕ, ದೋಣಿ ನಡೆಯುವುದಿಲ್ಲ. ಭಾನುವಾರ ಹೋಗಬೇಡಿ, ಜನವೋ ಜನ. ನಮಗೆ ಗಾಡಿ, ದೋಣಿ, ದಾರಿಯ ಊಟ ಸೇರಿ ತಲೆಗೆ ಎರಡು ಸಾವಿರದೊಳಗೆ ಮುಗಿಯಿತು. ಒಂದು ಮದುವೆಗೆ ಹೊಲಿಸುವ ಜೋಡಿಯ ಬೆಲೆ.

ಸಂಜೆ ಗೆಳತಿಯ ಮನೆಯಲ್ಲಿ ಬಂಗುಡೆ ಸಾರು, ಸಿಗಡಿ, ಏಡಿ. ಅವಳ ಗಂಡನ ಮನೆಯವರು ಶಾಫಿಈಗಳು, ಏಡಿಯನ್ನು ಸಂತೋಷದಿಂದ ತಿನ್ನುತ್ತಾರೆ. ನಾವು ಹನಫಿಗಳು, ಏಡಿಗೆ ಕೈ ಹಾಕಲಿಲ್ಲ. ಸಿಗಡಿಯ ವಿಷಯದಲ್ಲಿ ನಮ್ಮ ಉಲಮಾಗಳಲ್ಲೇ ಭಿನ್ನಾಭಿಪ್ರಾಯವಿದೆ. ನಮ್ಮ ಮನೆಯವರು ಅನುಮತಿಸಿದವರ ಪಕ್ಷ ಹಿಡಿದು ಎರಡು ಸಲ ಬಡಿಸಿಕೊಂಡರು. ಸವಣೂರು ಖಾರಾ ಕೊನೆಗೂ ಹೊರಬಂತು. ಹೂಡೆಯ ಮಕ್ಕಳು ಹಾ ಹಾ ಎನ್ನುತ್ತಾ ಅದನ್ನು ಖಾಲಿ ಮಾಡಿದರು.

ಆ ವರ್ಷ ನೀರಿನ ಅಧ್ಯಾಯ ಬಂದಾಗ ನಾನು ಒಂದು ಸಾಲಿಗೆ ನಿಲ್ಲಿಸಲಿಲ್ಲ. ಇಡೀ ತರಗತಿ ಅದರಲ್ಲೇ ಹೋಯಿತು. ಕೊನೆಯಲ್ಲಿ ಹಿರೇಕೆರೂರು ಕಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಆಪಾ, ನಮ್ಮನ್ನ ಯಾವಾಗ ಕರ್ಕೊಂಡು ಹೋಗ್ತೀರಿ?" ಪಾಲಕರಿಗೆ ಪತ್ರ ಬರೆದೆ. ಇಪ್ಪತ್ತೆರಡು ಹುಡುಗಿಯರಲ್ಲಿ ಒಂಬತ್ತು ಮಂದಿಯ ತಂದೆಯರು ಸಹಿ ಮಾಡಿ ಕಳಿಸಿದರು. ಉಳಿದವರ ಮನೆಗಳಿಗೆ ಅಮ್ಮಿಯೇ ಹೋಗಿ ಮಾತಾಡುತ್ತೇನೆಂದು ಹೊರಟಳು. ಸವಣೂರಿನಿಂದ ಬಸ್ಸು ಹತ್ತಿ ಬಂದವಳ ಚೀಲದಲ್ಲಿ ಹಿಂಬದಿ ಪಟ್ಟಿಯಿರುವ ಹೊಸ ಚಪ್ಪಲಿ ಇತ್ತು.